ಎಂಟು ರಾತ್ರಿಯ ಗ್ರೀಸ್ ಪ್ರವಾಸ: ಕ್ರೀಟ್‌ಗೆ ಎರಡೇ ದಿನ ಸಾಕೇ?

ಪ್ರಶ್ನೆ: ಸೆಪ್ಟೆಂಬರ್ ಕೊನೆಯಲ್ಲಿ ನಾನು, ಹೆಂಡತಿ, ಪಿಯುಸಿ ಓದುತ್ತಿರುವ ಮಗಳು ಮತ್ತು 64 ವರ್ಷದ ತಾಯಿ ಗ್ರೀಸ್‌ಗೆ ಹೊರಟಿದ್ದೇವೆ. ಪ್ರವಾಸದ ಏಜೆಂಟರು ಸ್ಯಾಂಟೊರಿನಿಯಲ್ಲಿ ಮೂರು, ಮಿಕೊನೊಸ್‌ನಲ್ಲಿ ಮೂರು, ಕ್ರೀಟ್‌ನಲ್ಲಿ ಎರಡು ರಾತ್ರಿ ಎಂದು ಯೋಜನೆ ಹಾಕಿಕೊಟ್ಟಿದ್ದಾರೆ. ಕ್ರೀಟ್‌ನಲ್ಲಿ ಕಡಲತೀರ ಬಿಟ್ಟರೆ ನೋಡುವಂಥದ್ದು ಏನಿದೆ? ಮಗಳಿಗೆ ಇತಿಹಾಸದ ಹುಚ್ಚು. ತಾಯಿ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ, ಅವರ ಊಟದ ಗತಿ ಏನು? (ಬೆಂಗಳೂರಿನ ಓದುಗರೊಬ್ಬರು)

ಉತ್ತರ: ಸಾಧ್ಯವಿದ್ದರೆ ಎಂಟು ರಾತ್ರಿಗಳನ್ನೂ ಕ್ರೀಟ್‌ಗೇ ಕೊಟ್ಟುಬಿಡಿ. ಅದು ಆಗದು ಎಂದಾದರೆ ಈ ಸಲ ಕ್ರೀಟನ್ನು ಕೈಬಿಟ್ಟು, ಮುಂದೊಮ್ಮೆ ಅದಕ್ಕೆಂದೇ ಹೋಗಿ. ಎರಡು ರಾತ್ರಿಯಲ್ಲಿ ನಿಮ್ಮ ಪಾಲಿಗೆ ಬರುವುದು ಒಂದು ವಿಮಾನ ನಿಲ್ದಾಣ, ಒಂದು ಬಂದರು, ನೂಕುನುಗ್ಗಲಿನ ನಡುವೆ ಅರ್ಧಂಬರ್ಧ ನೋಡಿದ ಕ್ನೊಸೊಸ್ ಅರಮನೆ, ಅಷ್ಟೆ. ಹಾಗೆ ನೋಡಿ ಬಂದವರು ಕ್ರೀಟ್ ಸಾಧಾರಣ ಊರು ಎಂದು ಹೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಏಜೆಂಟರ ಯೋಜನೆಯ ದೋಷ ಇರುವುದು ಗಾತ್ರದ ಅಂದಾಜಿನಲ್ಲಿ. ಕ್ರೀಟ್ ಗ್ರೀಸ್‌ನ ಅತಿ ದೊಡ್ಡ ದ್ವೀಪ. ಮೆಡಿಟರೇನಿಯನ್ ಸಮುದ್ರದಲ್ಲಿ ಸಿಸಿಲಿ, ಸಾರ್ಡಿನಿಯಾ, ಸೈಪ್ರಸ್, ಕಾರ್ಸಿಕಾಗಳ ನಂತರ ಐದನೆಯದು. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿಲೋಮೀಟರ್ ಉದ್ದ; ಅಗಲ ಮಾತ್ರ ಒಂದು ಕಡೆ 60 ಇದ್ದರೆ ಇನ್ನೊಂದು ಕಡೆ ಬರೀ 12. ಆರು ಲಕ್ಷಕ್ಕೂ ಮಿಕ್ಕಿ ಜನರಿದ್ದಾರೆ. ಪ್ರವಾಸಿಗರು ಬಾರದ ತಿಂಗಳುಗಳಲ್ಲೂ ಇಲ್ಲಿ ಹೊಲ, ತೋಟ, ಕುರಿ, ಶಾಲೆ, ಸಂತೆಗಳ ಬದುಕು ತನ್ನ ಪಾಡಿಗೆ ನಡೆದಿರುತ್ತದೆ. ಮಿಕೊನೊಸ್‌ನಂಥ ಸಣ್ಣ ದ್ವೀಪದಲ್ಲಿ ನೀವು ಕಾಣುವುದು ಬಹುಮಟ್ಟಿಗೆ ನಿಮ್ಮಂತೆಯೇ ಬಂದ ಪ್ರವಾಸಿಗರನ್ನು.

ಆದರೂ ಉದ್ದಗಲದ ಲೆಕ್ಕದಿಂದ ಕ್ರೀಟ್ ಅರ್ಥವಾಗುವುದಿಲ್ಲ. ಅದು ಕಡಲ ನಡುವೆ ಎದ್ದು ನಿಂತ ಬೆಟ್ಟಗಳ ನಾಡು. ಪಶ್ಚಿಮದಲ್ಲಿ ಲೆಫ್ಕಾ ಓರಿ ಎಂಬ ಬಿಳಿ ಬೆಟ್ಟಗಳು, ನಡುವೆ ಪ್ಸಿಲೊರಿಟಿಸ್, ಪೂರ್ವದಲ್ಲಿ ದಿಕ್ತಿ. ಮೊದಲಿನ ಎರಡರ ಶಿಖರಗಳು 2,450 ಮೀಟರ್ ದಾಟುತ್ತವೆ, ದಿಕ್ತಿ 2,148 ಮೀಟರ್ ಎತ್ತರವಿದೆ. ಕೆಳಗೆ ಜನ ಈಜಾಡುತ್ತಿರುವ ಮೇ ತಿಂಗಳಿನಲ್ಲೂ ಮೇಲಿನ ಕಣಿವೆಗಳಲ್ಲಿ ಹಿಮ ಕರಗದೆ ಉಳಿದಿರುತ್ತದೆ. ಊರುಗಳು ಎಲ್ಲಿ ಹುಟ್ಟಿದವು, ಬಂಡಾಯಗಳು ಎಲ್ಲಿ ಬೇರೂರಿದವು, ತಟ್ಟೆಯ ಮೇಲೆ ಏನು ಬರುತ್ತದೆ, ಯಾವ ಕಡಲತೀರಕ್ಕೆ ರಸ್ತೆಯೇ ಇಲ್ಲ ಎಂಬುದನ್ನೆಲ್ಲ ತೀರ್ಮಾನಿಸಿದ್ದು ಈ ಬೆಟ್ಟಗಳು. ನಿಮ್ಮ ಪ್ರವಾಸವನ್ನೂ ಬೆಟ್ಟಗಳೇ ತೀರ್ಮಾನಿಸಲಿ ಎಂಬುದು ನನ್ನ ಸಲಹೆ.

ಈ ಬೆಟ್ಟಗಳನ್ನು ಎತ್ತಿ ನಿಲ್ಲಿಸಿದ್ದು ಆಫ್ರಿಕಾದ ಭೂಫಲಕ. ಅದು ಕ್ರೀಟ್‌ನ ದಕ್ಷಿಣದಿಂದ ಉತ್ತರಕ್ಕೆ ಸರಿಯುತ್ತ ಏಜಿಯನ್ ನೆಲದ ಅಡಿಗೆ ಜಾರುತ್ತಿದೆ. ಈ ಜಾರಾಟ ಇಂದಿಗೂ ನಿಂತಿಲ್ಲ, ಸಣ್ಣಪುಟ್ಟ ಕಂಪನಗಳು ಅಲ್ಲಿಯವರಿಗೆ ಅಭ್ಯಾಸವಾಗಿವೆ. ಆದರೆ ಕ್ರಿ.ಶ. 365ರ ಜುಲೈ 21ರಂದು ನಡೆದದ್ದು ಸಣ್ಣದಲ್ಲ. ಅಂದಿನ ಭೂಕಂಪದಲ್ಲಿ ದ್ವೀಪದ ಪಶ್ಚಿಮದ ತುದಿ ಕೆಲವೆಡೆ ಒಂಬತ್ತು ಮೀಟರ್‌ವರೆಗೆ ಮೇಲೆದ್ದಿತು. ಎದ್ದ ಸುನಾಮಿ ಈಜಿಪ್ಟಿನ ಅಲೆಕ್ಸಾಂಡ್ರಿಯಾವನ್ನು ಹಾಳುಮಾಡಿತು.

ಇದನ್ನು ಕಣ್ಣಾರೆ ಕಾಣಬೇಕಾದರೆ ಪಶ್ಚಿಮ ಕರಾವಳಿಯ ಫಲಸಾರ್ನಾಕ್ಕೆ ಹೋಗಬೇಕು. ಅದು ಕ್ರಿಸ್ತಪೂರ್ವ ಕಾಲದ ರೇವು ಪಟ್ಟಣ. ಹಡಗು ನಿಲ್ಲುತ್ತಿದ್ದ ಕೊಳ, ಅದರ ಸುತ್ತಲಿನ ಕೋಟೆಗೋಡೆ, ಕಾವಲು ಗೋಪುರದ ಬುಡ, ಹಗ್ಗ ಕಟ್ಟುತ್ತಿದ್ದ ಕಲ್ಲುಗಳು ಎಲ್ಲವೂ ಇವೆ, ನೀರೊಂದೇ ಇಲ್ಲ. ಸಮುದ್ರ ದೂರದಲ್ಲಿ, ಆರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಅಲ್ಲಿಂದ ಬಂಡೆಗಳ ಕಡೆ ನೋಡಿ. ಇಂದಿನ ನೀರಿನ ಮಟ್ಟದಿಂದ ಬಹಳ ಮೇಲೆ ಬಂಡೆಯ ಉದ್ದಕ್ಕೂ ಅಡ್ಡಲಾಗಿ ಕೊರೆದಂಥ ಒಂದು ಕಪ್ಪು ಗೀರು ಕಾಣುತ್ತದೆ. ಹಳೆಯ ಸಮುದ್ರ ಶತಮಾನಗಳ ಕಾಲ ಬಂಡೆಯನ್ನು ತಿಂದ ಗುರುತು ಅದು. ಮಗಳಿಗೆ ಭೂಗೋಳದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಜಾಗ ನನಗೆ ಗೊತ್ತಿಲ್ಲ. ಪಕ್ಕದಲ್ಲೇ ಉದ್ದನೆಯ ಮರಳಿನ ತೀರವೂ ಇದೆ. ಸೆಪ್ಟೆಂಬರಿನ ಸಂಜೆ ಸೂರ್ಯ ನೇರ ಕಡಲಿಗೇ ಇಳಿಯುತ್ತಾನೆ.

ಬೆಟ್ಟಗಳು ಬಹುಪಾಲು ಸುಣ್ಣಕಲ್ಲಿನವು. ಸುಣ್ಣಕಲ್ಲಿನ ಮೇಲೆ ಬಿದ್ದ ಮಳೆ ಹೊಳೆಯಾಗಿ ಹರಿಯುವುದಕ್ಕಿಂತ ಬಿರುಕುಗಳಲ್ಲಿ ಇಂಗುವುದೇ ಹೆಚ್ಚು. ಹೀಗೆ ಇಂಗಿದ ನೀರು ಬೆಟ್ಟದ ಒಳಗೆ ಗುಹೆಗಳನ್ನು ಕೊರೆದಿದೆ. ಬಿಳಿ ಬೆಟ್ಟಗಳ ಗುರ್ಗುಥಾಕಾಸ್ ಗುಹೆ 1,200 ಮೀಟರಿಗೂ ಆಳ. ಕೊನೆಗೆ ಆ ನೀರು ಕಡಲ ಅಂಚಿನಲ್ಲಿ ತಲೆ ಎತ್ತುತ್ತದೆ. ದಕ್ಷಿಣ ಕರಾವಳಿಯಲ್ಲಿ ಹೋರಾ ಸ್ಫಾಕಿಯೋನ್ ಮತ್ತು ಲುತ್ರೋ ಎಂಬ ಊರುಗಳ ನಡುವೆ ಗ್ಲಿಕಾ ನೆರಾ ಎಂಬ ತೀರವಿದೆ. ಅಲೆಯಿಂದ ನಾಲ್ಕು ಹೆಜ್ಜೆ ಹಿಂದೆ ಕೂತು ಕೈಯಿಂದ ಬೆಣಚು ಸರಿಸಿ ಗುಳಿ ತೋಡಿದರೆ ತಣ್ಣನೆಯ ನೀರು ತುಂಬಿಕೊಳ್ಳುತ್ತದೆ, ಸಿಹಿನೀರು. ಕುಡಿದು ನೋಡಬಹುದು. ಅಲ್ಲಿಗೆ ರಸ್ತೆಯಿಲ್ಲ, ದೋಣಿಯಲ್ಲಿ ಹೋಗಬೇಕು, ಇಲ್ಲವೇ ಬಂಡೆಯ ಪಕ್ಕೆಯ ಕಾಲುದಾರಿ ಹಿಡಿಯಬೇಕು. ಲುತ್ರೋ ಊರಿಗೂ ರಸ್ತೆಯಿಲ್ಲ. ಬಿಳಿ ಗೋಡೆಯ ಮನೆಗಳು, ಒಂದು ಪುಟ್ಟ ಕೊಲ್ಲಿ, ದೋಣಿಯ ಗಂಟೆ ಬಿಟ್ಟರೆ ಬೇರೆ ಸದ್ದಿಲ್ಲ. ನಿಮ್ಮ ತಾಯಿಯವರಿಗೆ ಒಂದು ಮಧ್ಯಾಹ್ನ ಕಳೆಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಕಮರಿಗಳಲ್ಲಿ ಹೆಸರಾದದ್ದು ಸಮಾರಿಯಾ. ಸುಮಾರು 1,230 ಮೀಟರ್ ಎತ್ತರದ ಕ್ಸಿಲೊಸ್ಕಾಲೊ ಎಂಬಲ್ಲಿ ಇಳಿಯಲು ಶುರುಮಾಡಿದರೆ ಕಡಲಂಚಿನ ಅಯಿಯಾ ರುಮೆಲಿ ತಲುಪುವ ಹೊತ್ತಿಗೆ 16 ಕಿಲೋಮೀಟರ್ ಆಗಿರುತ್ತದೆ. ಐದರಿಂದ ಏಳು ತಾಸಿನ ನಡಿಗೆ. ಮೊದಲು ಪೈನ್ ಮತ್ತು ಸೈಪ್ರೆಸ್ ಮರಗಳ ನೆರಳು, ಆಮೇಲೆ ಉರುಟು ಕಲ್ಲುಗಳ ಹೊಳೆಪಾತ್ರ, ಕೊನೆಯ ಹಂತದಲ್ಲಿ ನೂರಾರು ಮೀಟರ್ ಎತ್ತರದ ಎರಡು ಗೋಡೆಗಳು ನಾಲ್ಕು ಮೀಟರ್ ಅಂತರಕ್ಕೆ ಬಂದು ನಿಲ್ಲುವ ಬಾಗಿಲು. 1962ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನ ಮಾಡಿದಾಗ ನಡುವೆ ಇದ್ದ ಸಮಾರಿಯಾ ಹಳ್ಳಿಯನ್ನು ತೆರವು ಮಾಡಿಸಿದರು. ಖಾಲಿ ಮನೆಗಳು ಇನ್ನೂ ಇವೆ. ಹಾಗೆ ಮಾಡಿದ್ದಕ್ಕೆ ಒಂದು ಕಾರಣ ಕ್ರಿ-ಕ್ರಿ ಎಂಬ ಕಾಡುಮೇಕೆ. ನವಶಿಲಾಯುಗದ ಜನ ದೋಣಿಯಲ್ಲಿ ತಂದ ಮೇಕೆಗಳು ಬೆಟ್ಟ ಸೇರಿ ಕಾಡಾಗಿ ಉಳಿದ ತಳಿ ಅದು. ಯುದ್ಧ ಮತ್ತು ಬೇಟೆಯಿಂದ ಅಳಿವಿನ ಅಂಚಿಗೆ ಬಂದಿತ್ತು. ಬಂಡೆಯ ಬಿರುಕುಗಳಲ್ಲಿ ಬೆಳೆಯುವ ದಿಕ್ತಮೊ ಎಂಬ ಗಿಡವನ್ನೂ ಗಮನಿಸಿ: ದುಂಡನೆಯ ಎಲೆ, ಅದರ ಮೇಲೆ ಬೆಳ್ಳಗಿನ ದಟ್ಟ ನವಿರು, ಗುಲಾಬಿ ಬಣ್ಣದ ಹೂ. ಲೋಕದಲ್ಲಿ ಬೇರೆಲ್ಲೂ ಕಾಡಿನಲ್ಲಿ ಬೆಳೆಯದ ಮೂಲಿಕೆ. ಕ್ರೀಟ್‌ನ ಸಸ್ಯಗಳಲ್ಲಿ ಸರಿಸುಮಾರು ಹತ್ತರಲ್ಲೊಂದು ಪಾಲು ಹೀಗೆ ಆ ದ್ವೀಪಕ್ಕಷ್ಟೇ ಸೀಮಿತವಾದವು. ಅದನ್ನು ಕೀಳಬೇಡಿ. ಊರಿನ ಅಂಗಡಿಗಳಲ್ಲಿ ತೋಟದಲ್ಲಿ ಬೆಳೆದ ದಿಕ್ತಮೊ ಚಹಾಕ್ಕೆ ಸಿಗುತ್ತದೆ.

ತಾಯಿಯವರನ್ನು ಸಮಾರಿಯಾ ಇಳಿಸಬೇಡಿ. ಮಂಡಿಗೆ ಅದು ಕ್ರೂರವಾದ ಇಳಿಜಾರು, ನಡುದಾರಿಯಲ್ಲಿ ಬಿಟ್ಟು ಹೊರಬರಲು ಬೇರೆ ಹಾದಿಯಿಲ್ಲ. ನಡೆಯುವ ಆಸೆ ಎಲ್ಲರಿಗೂ ಇದ್ದರೆ ಎಂಟು ಕಿಲೋಮೀಟರಿನ ಇಂಬ್ರೊಸ್ ಕಮರಿ ಇದೆ. ಅದರ ಅತಿ ಕಿರಿದಾದ ಜಾಗ ಎರಡು ಮೀಟರಿಗೂ ಕಡಿಮೆ. ಸಮಾರಿಯಾಕ್ಕಿಂತ ಜನ ಕಡಿಮೆ, ಮೂರು ತಾಸಿನಲ್ಲಿ ಮುಗಿಯುತ್ತದೆ.

ಇನ್ನು ಇತಿಹಾಸ. ಮಗಳಿಗೆ ಹೇಳಿ, ಯೂರೋಪಿನ ಮೊದಲ ನಾಗರಿಕತೆ ಎಂದು ಪಠ್ಯಪುಸ್ತಕಗಳು ಕರೆಯುವ ಮಿನೋವನ್ ಸಂಸ್ಕೃತಿ ಹುಟ್ಟಿದ್ದು ಇಲ್ಲಿ. ಕ್ರಿ.ಪೂ. 1900ರ ಸುಮಾರಿಗೆ ಮೊದಲ ಅರಮನೆಗಳು ಎದ್ದವು, 1700ರ ಹೊತ್ತಿಗೆ ಕುಸಿದವು, ಇನ್ನಷ್ಟು ವೈಭವದಿಂದ ಮತ್ತೆ ಎದ್ದವು, 1450ರ ಸುಮಾರಿಗೆ ಕ್ನೊಸೊಸ್ ಒಂದನ್ನು ಬಿಟ್ಟು ಉಳಿದವು ಸುಟ್ಟುಹೋದವು. ಸ್ಯಾಂಟೊರಿನಿಯ ಜ್ವಾಲಾಮುಖಿ ಸಿಡಿದದ್ದರಿಂದಲೇ ಇವರು ಅಳಿದರು ಎಂಬ ಕಥೆಯನ್ನು ಮಾರ್ಗದರ್ಶಿಗಳು ಇನ್ನೂ ಹೇಳುತ್ತಾರೆ. ಆ ಸ್ಫೋಟ ನಡೆದದ್ದು ಅರಮನೆಗಳು ಸುಡುವುದಕ್ಕಿಂತ ಹಲವು ತಲೆಮಾರು ಮೊದಲು. ಆದ್ದರಿಂದ ಆ ಕಥೆಯನ್ನು ಹಾಗೆಯೇ ನಂಬಬೇಡಿ. ಅವರು ಬರೆದ ಲೀನಿಯರ್ ಎ ಎಂಬ ಲಿಪಿಯನ್ನು ಇಂದಿಗೂ ಯಾರೂ ಓದಿಲ್ಲ. ನಂತರದ ಲೀನಿಯರ್ ಬಿ ಲಿಪಿಯನ್ನು 1952ರಲ್ಲಿ ಮೈಕೇಲ್ ವೆಂಟ್ರಿಸ್ ಬಿಡಿಸಿದಾಗ ಅದು ಗ್ರೀಕ್ ಭಾಷೆಯ ಹಳೆಯ ರೂಪ ಎಂದು ತಿಳಿಯಿತು.

ಕ್ನೊಸೊಸ್ ಇರುವುದು ರಾಜಧಾನಿ ಹೆರಾಕ್ಲಿಯೊನ್‌ನಿಂದ ಐದು ಕಿಲೋಮೀಟರಿನಲ್ಲಿ. ಮೊದಲು ಅಗೆದದ್ದು 1878ರಲ್ಲಿ ಅದೇ ಊರಿನ ಮಿನೋಸ್ ಕಲೊಕೆರಿನೋಸ್. ಹೆಸರು ಬಂದದ್ದು 1900ರಿಂದ ದೊಡ್ಡದಾಗಿ ಅಗೆಸಿದ ಬ್ರಿಟಿಷ್ ವಿದ್ವಾಂಸ ಆರ್ಥರ್ ಎವಾನ್ಸ್ ಅವರಿಗೆ. ನೀವು ಚಿತ್ರಗಳಲ್ಲಿ ನೋಡಿರುವ ಕೆಂಪು ಕಂಬಗಳು, ಮಹಡಿಗಳು ಎವಾನ್ಸ್ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿಸಿದವು. ಗೋಡೆಯ ಮೇಲಿನ ಚಿತ್ರಗಳು ನಕಲುಗಳು. ಹೆಸರಾದ ಲಿಲ್ಲಿ ಹೂಗಳ ರಾಜಕುಮಾರನೂ ಬೇರೆ ಬೇರೆ ಆಕೃತಿಗಳ ಚೂರುಗಳನ್ನು ಸೇರಿಸಿ ಮಾಡಿದವನಿರಬಹುದು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಇದನ್ನು ತಿಳಿದೇ ನೋಡಿ. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಒಳಗಿದ್ದರೆ ಸಿಂಹಾಸನದ ಕೋಣೆಯ ಮುಂದೆ ನೆಮ್ಮದಿಯಾಗಿ ನಿಲ್ಲಬಹುದು. ಹತ್ತು ಗಂಟೆಯ ಮೇಲೆ ವಿಹಾರ ಹಡಗುಗಳ ಗುಂಪು ಬಂದಿಳಿಯುತ್ತದೆ.

ನನ್ನನ್ನು ಕೇಳಿದರೆ ಹೆರಾಕ್ಲಿಯೊನ್‌ನ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಕ್ನೊಸೊಸ್‌ಗಿಂತ ಹೆಚ್ಚು ಸಮಯ ಕೊಡಬೇಕು. ಗೂಳಿಯ ಬೆನ್ನ ಮೇಲಿಂದ ಪಲ್ಟಿ ಹೊಡೆಯುವ ಯುವಕನ ಭಿತ್ತಿಚಿತ್ರ, ಹಾವು ಹಿಡಿದ ದೇವಿಯರು, 1908ರಲ್ಲಿ ಸಿಕ್ಕ ಫೈಸ್ಟೋಸ್ ಬಿಲ್ಲೆ ಇವನ್ನೆಲ್ಲ ಎಲ್ಲರೂ ನೋಡುತ್ತಾರೆ. ನೀವು ಅಯಿಯಾ ತ್ರಿಯಾದಾದಲ್ಲಿ ಸಿಕ್ಕ ಕೊಯ್ಲುಗಾರರ ಕುಡಿಕೆಯನ್ನು ಹುಡುಕಿ. ಕಪ್ಪು ಮೆದುಗಲ್ಲಿನಲ್ಲಿ ಕೆತ್ತಿದ ಪುಟ್ಟ ಪಾತ್ರೆ, ಉಳಿದಿರುವುದು ಮೇಲಿನ ಅರ್ಧ. ಸುತ್ತಲೂ ಗಂಡಸರ ಮೆರವಣಿಗೆ, ಹೆಗಲ ಮೇಲೆ ಉದ್ದ ಹಿಡಿಯ ಸಲಕರಣೆಗಳು. ನಡುವೆ ಒಬ್ಬ ಗಿಲಕಿಯಂಥ ವಾದ್ಯ ಅಲ್ಲಾಡಿಸುತ್ತ ಬಾಯಿ ತೆರೆದು ಹಾಡುತ್ತಿದ್ದಾನೆ. ಉಸಿರು ತುಂಬಿದ ಅವನ ಎದೆಯ ಪಕ್ಕೆಲುಬುಗಳನ್ನು ಶಿಲ್ಪಿ ಒಂದೊಂದಾಗಿ ಕೆತ್ತಿದ್ದಾನೆ. ಅವನ ಹಿಂದಿನವರೂ ದನಿಗೂಡಿಸಿದ್ದಾರೆ. ಒಬ್ಬ ಮಾತ್ರ ತಿರುಗಿ ಹಿಂದಿನವನಿಗೆ ಏನೋ ಕೂಗುತ್ತಿದ್ದಾನೆ. ಮೂರೂವರೆ ಸಾವಿರ ವರ್ಷ ಹಿಂದಿನ ಒಂದು ಸುಗ್ಗಿಯ ದಿನ ಅಷ್ಟು ಚಿಕ್ಕ ಕಲ್ಲಿನಲ್ಲಿ ಉಳಿದಿದೆ. ರಾಜರ ಹೆಸರೇ ಗೊತ್ತಿಲ್ಲದ ನಾಡಿನಲ್ಲಿ ಕೂಲಿಯಾಳುಗಳ ಮುಖ ನೋಡಲು ಸಿಗುವುದು ದೊಡ್ಡ ಭಾಗ್ಯ.

ದಕ್ಷಿಣಕ್ಕೆ ಮೆಸಾರಾ ಬಯಲಿಗೆ ಇಳಿದರೆ ಫೈಸ್ಟೋಸ್ ಅರಮನೆ. ಇಲ್ಲಿ ಕಾಂಕ್ರೀಟಿಲ್ಲ. ದಿಬ್ಬದ ಮೇಲೆ ಅಗಲವಾದ ಮೆಟ್ಟಿಲುಗಳು, ನಡು ಅಂಗಳ, ಉತ್ತರಕ್ಕೆ ಪ್ಸಿಲೊರಿಟಿಸ್ ಶಿಖರ. ದಾರಿಯಲ್ಲಿ ಸಿಗುವ ಗೊರ್ತಿನಾವನ್ನು ತಪ್ಪಿಸಬೇಡಿ. ಕ್ರಿ.ಪೂ. 67ರಲ್ಲಿ ರೋಮನ್ನರು ಗೆದ್ದ ಮೇಲೆ ದ್ವೀಪಕ್ಕೆ ರಾಜಧಾನಿಯಾದ ನಗರ ಅದು. ಅದಕ್ಕಿಂತ ನಾಲ್ಕು ಶತಮಾನ ಹಿಂದಿನ ಕಾನೂನು ಶಾಸನವೊಂದು ಅಲ್ಲಿನ ಗೋಡೆಯಲ್ಲಿದೆ: ಹನ್ನೆರಡು ಅಂಕಣ, ಸುಮಾರು 600 ಸಾಲು. ಉಳುವ ಎತ್ತು ಹೊಲದ ಅಂಚಿನಲ್ಲಿ ತಿರುಗಿ ಬರುವಂತೆ ಒಂದು ಸಾಲು ಬಲದಿಂದ ಎಡಕ್ಕೆ, ಮುಂದಿನದು ಎಡದಿಂದ ಬಲಕ್ಕೆ ಸಾಗುತ್ತದೆ. ಸಾಲು ತಿರುಗಿದಾಗ ಅಕ್ಷರಗಳೂ ಮುಖ ತಿರುಗಿಸುತ್ತವೆ. ವಿಷಯವೆಲ್ಲ ಮನೆವಾರ್ತೆಯದು. ವಿಚ್ಛೇದನವಾದರೆ ಹೆಂಗಸು ತಾನು ತಂದ ಆಸ್ತಿಯನ್ನೂ ತಾನು ನೇಯ್ದ ಬಟ್ಟೆಯಲ್ಲಿ ಅರ್ಧವನ್ನೂ ಒಯ್ಯಬಹುದು. ತಂದೆಯ ಆಸ್ತಿಯಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ. ಅದೇ ಕಾಲದ ಅಥೆನ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ ಇಷ್ಟು ಇರಲಿಲ್ಲ. ಶಾಸನಗಳ ನಾಡಿನಿಂದ ಹೋದವರು ಇದರ ಮುಂದೆ ಒಂದು ಗಳಿಗೆ ನಿಲ್ಲಲೇಬೇಕು.

ಮುಂದಿನ ಶತಮಾನಗಳನ್ನು ಬೇಗ ಹೇಳುತ್ತೇನೆ. ಬೈಜಾಂಟೈನರು, 9ನೇ ಶತಮಾನದಲ್ಲಿ ಅರಬರು, 961ರಲ್ಲಿ ಮತ್ತೆ ಬೈಜಾಂಟೈನರು, 13ನೇ ಶತಮಾನದ ಆರಂಭದಿಂದ ವೆನಿಸ್. ಹೆರಾಕ್ಲಿಯೊನ್, ರೆಥಿಮ್ನೊ, ಹನಿಯಾ ಊರುಗಳ ಕೋಟೆ, ರೇವು, ಕಾರಂಜಿಗಳು ವೆನಿಸ್‌ನವರು ಕಟ್ಟಿಸಿದವು. ಎಲ್ ಗ್ರೆಕೊ ಎಂದು ಸ್ಪೇನ್‌ನಲ್ಲಿ ಹೆಸರಾದ ಚಿತ್ರಕಾರ 1541ರಲ್ಲಿ ಹುಟ್ಟಿದ್ದು ಈ ವೆನಿಸ್ ಆಳ್ವಿಕೆಯ ಕ್ರೀಟ್‌ನಲ್ಲಿ. 1648ರಲ್ಲಿ ಆಟೊಮನ್ ತುರ್ಕರು ಹೆರಾಕ್ಲಿಯೊನ್‌ಗೆ ಮುತ್ತಿಗೆ ಹಾಕಿದರು. 21 ವರ್ಷ ಕಳೆದ ಮೇಲೆ, 1669ರಲ್ಲಿ, ಕೋಟೆ ಅವರ ಕೈಸೇರಿತು.

ಇಷ್ಟೆಲ್ಲ ಕಾಲದಲ್ಲೂ ಆಳುವವರ ಹಿಡಿತ ಕರಾವಳಿಯಲ್ಲಿ ಬಿಗಿ, ಬೆಟ್ಟದಲ್ಲಿ ಸಡಿಲ. ಪೂರ್ವದ ಲಸಿತಿ ಎಂಬ ಎತ್ತರದ ಬಯಲು ಬಂಡುಕೋರರ ತಾಣವಾದಾಗ ವೆನಿಸ್‌ನವರು ಅಲ್ಲಿಯವರನ್ನು ಒಕ್ಕಲೆಬ್ಬಿಸಿ, ಅಷ್ಟು ಫಲವತ್ತಾದ ನೆಲದಲ್ಲಿ ಯಾರೂ ಉಳಬಾರದು ಎಂದು ಆಜ್ಞೆ ಹೊರಡಿಸಿದರು. ಸುಮಾರು ಎರಡು ಶತಮಾನ ಅದು ಬೀಳುಬಿದ್ದಿತ್ತು. ತುರ್ಕರ ಕಾಲದಲ್ಲಿ ಸ್ಫಾಕಿಯಾದ ಬೆಟ್ಟದವರು ಮತ್ತೆ ಮತ್ತೆ ದಂಗೆ ಎದ್ದರು. 1866ರ ನವೆಂಬರಿನಲ್ಲಿ ರೆಥಿಮ್ನೊ ಬಳಿಯ ಅರ್ಕಾದಿ ಮಠದಲ್ಲಿ ಒಂಬೈನೂರಕ್ಕೂ ಹೆಚ್ಚು ಜನ, ಬಹುಪಾಲು ಹೆಂಗಸರು ಮತ್ತು ಮಕ್ಕಳು, ಆಶ್ರಯ ಪಡೆದಿದ್ದರು. ಸೇನೆ ಒಳನುಗ್ಗಿದಾಗ ಸೆರೆಯಾಗುವ ಬದಲು ಮದ್ದಿನ ಕೋಣೆಗೆ ಬೆಂಕಿಯಿಟ್ಟರು. ಮಾಡು ಹಾರಿಹೋದ ಆ ಕೋಣೆ ಇಂದಿಗೂ ಹಾಗೆಯೇ ಇದೆ. 1898ರಲ್ಲಿ ಕ್ರೀಟ್ ಸ್ವಾಯತ್ತವಾಯಿತು, 1913ರ ಡಿಸೆಂಬರ್ 1ರಂದು ಗ್ರೀಸ್‌ನೊಂದಿಗೆ ಸೇರಿತು. ಇದರ ಇನ್ನೊಂದು ಮುಖವನ್ನೂ ಮಗಳು ತಿಳಿಯಲಿ: 1923ರ ಜನಸಂಖ್ಯಾ ವಿನಿಮಯದಲ್ಲಿ ಗ್ರೀಕ್ ಮಾತಾಡುತ್ತಿದ್ದ ಕ್ರೀಟ್‌ನ ಮುಸ್ಲಿಮರು ಹುಟ್ಟಿದ ನೆಲ ಬಿಟ್ಟು ತುರ್ಕಿಗೆ ಹೋಗಬೇಕಾಯಿತು. ಹನಿಯಾ ರೇವಿನಲ್ಲಿ ಗುಮ್ಮಟಗಳ ಮಸೀದಿಯೊಂದು ಉಳಿದಿದೆ, ಅಲ್ಲಿ ನಮಾಜು ಮಾಡುತ್ತಿದ್ದವರು ಉಳಿದಿಲ್ಲ. ಅಲ್ಲಿಂದ ನಾಲ್ಕು ಓಣಿ ದಾಟಿದರೆ ಎಟ್ಜ್ ಹಯೀಮ್ ಎಂಬ ಯಹೂದಿ ಪ್ರಾರ್ಥನಾಲಯ. ಆ ಊರಿನ ಯಹೂದಿಗಳನ್ನು 1944ರ ಮೇ ತಿಂಗಳಿನಲ್ಲಿ ಜರ್ಮನ್ನರು ಬಂಧಿಸಿ ಹಡಗಿಗೆ ತುಂಬಿದರು. ಯುದ್ಧದ ನಡುವೆ ಆ ಹಡಗು ಬ್ರಿಟಿಷ್ ಟಾರ್ಪಿಡೊಗೆ ಸಿಕ್ಕಿ ಮುಳುಗಿತು, ಜೊತೆಗೆ ಇಡೀ ಸಮುದಾಯ.

1941ರ ಮೇ 20ರಂದು ಜರ್ಮನ್ ಪ್ಯಾರಾಚೂಟ್ ಪಡೆಗಳು ಆಕಾಶದಿಂದ ಇಳಿದಾಗ ರೈತರು ಕೊಡಲಿ, ಕುಡುಗೋಲು, ಹಳೆಯ ಬಂದೂಕು ಹಿಡಿದು ಎದುರು ನಿಂತರು. ಮಲೆಮೆ ವಿಮಾನ ನಿಲ್ದಾಣ ಜರ್ಮನ್ನರ ವಶವಾದ ಮೇಲೆ ಯುದ್ಧ ಕೈತಪ್ಪಿತು. ಸೋತ ಬ್ರಿಟಿಷ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರು ಬಿಳಿ ಬೆಟ್ಟಗಳನ್ನು ಹತ್ತಿಳಿದು, ನಾನು ಮೇಲೆ ಹೇಳಿದ ಇಂಬ್ರೊಸ್‌ನ ದಾರಿಯಲ್ಲೇ ಹೋರಾ ಸ್ಫಾಕಿಯೋನ್‌ಗೆ ಬಂದು ಹಡಗು ಹತ್ತಿದರು. ಹಡಗು ಸಿಗದವರನ್ನು ಬೆಟ್ಟದ ಹಳ್ಳಿಗಳೂ ಪ್ರೆವೆಲಿ ಮಠದ ಸನ್ಯಾಸಿಗಳೂ ಬಚ್ಚಿಟ್ಟು ಕಾಪಾಡಿದರು. ಈ ಪ್ರತಿರೋಧಕ್ಕೆಲ್ಲ ಬೆಲೆ ತೆತ್ತರು: ಕಂದಾನೊಸ್, ಅನೊಗಿಯಾದಂಥ ಊರುಗಳನ್ನು ಜರ್ಮನ್ನರು ನೆಲಸಮ ಮಾಡಿದರು. ಸುಡಾ ಕೊಲ್ಲಿಯ ಅಂಚಿನಲ್ಲಿ ಸುಮಾರು 1,500 ಕಾಮನ್‌ವೆಲ್ತ್ ಸಮಾಧಿಗಳಿವೆ, ಮಲೆಮೆಯಲ್ಲಿ 4,400ಕ್ಕೂ ಹೆಚ್ಚು ಜರ್ಮನ್ನರವು. ಎರಡೂ ಕಡೆ ವಯಸ್ಸು ಓದುತ್ತ ನಡೆದರೆ ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು.

ತಾಯಿಯವರ ಊಟದ ಬಗ್ಗೆ ನಿಶ್ಚಿಂತರಾಗಿರಿ. ಯೂರೋಪಿನಲ್ಲಿ ಸಸ್ಯಾಹಾರಿಗೆ ಇಷ್ಟು ಒಗ್ಗುವ ನೆಲ ಅಪರೂಪ. ಬೆಟ್ಟದ ಬಡತನದಲ್ಲಿ ಮಾಂಸ ಹಬ್ಬದ ಅಡುಗೆಯಾಗಿತ್ತು. ದಿನದ ಊಟವೆಂದರೆ ಸೊಪ್ಪು, ಕಾಳು, ಬಾರ್ಲಿ, ಆಲಿವ್ ಎಣ್ಣೆ. 1958ರಲ್ಲಿ ಶುರುವಾದ ಏಳು ದೇಶಗಳ ಹೃದ್ರೋಗ ಅಧ್ಯಯನದಲ್ಲಿ ಹೃದಯಾಘಾತದ ಸಾವು ಅತಿ ಕಡಿಮೆ ಇದ್ದದ್ದು ಕ್ರೀಟ್‌ನ ಹಳ್ಳಿಗರಲ್ಲಿ. ಈಗಿನ ತಲೆಮಾರು ಹಾಗೆ ಉಣ್ಣುತ್ತಿಲ್ಲ, ಅದರ ಫಲವೂ ಕಾಣುತ್ತಿದೆ. ಆದರೆ ತವೆರ್ನಾ ಎಂಬ ಹಳ್ಳಿಯ ಊಟದ ಮನೆಗಳಲ್ಲಿ ಆ ಅಡುಗೆ ಇನ್ನೂ ಇದೆ.

ಖೋರ್ತಾ ಎಂದು ಕೇಳಿದರೆ ಬೇಯಿಸಿದ ಸೊಪ್ಪಿಗೆ ಆಲಿವ್ ಎಣ್ಣೆ, ನಿಂಬೆರಸ ಹಾಕಿ ಕೊಡುತ್ತಾರೆ. ಬೇಸಿಗೆಯಲ್ಲಿ ಅದು ವ್ಲೀತಾ ಆಗಿರುತ್ತದೆ, ಅಂದರೆ ನಮ್ಮ ಕೀರೆ ಸೊಪ್ಪಿನ ಜಾತಿಯದೇ. ಸಲಾಡಿನಲ್ಲಿ ಹುಳಿಹುಳಿಯಾದ ದಪ್ಪ ಎಲೆ ಸಿಕ್ಕರೆ ಅದು ಗೋಣಿಸೊಪ್ಪು. ಟೊಮೆಟೊದಲ್ಲಿ ಬೇಯಿಸಿದ ಬೆಂಡೆಕಾಯಿ, ಬದನೆ, ಅಲಸಂದೆ ಕಾಳು, ಒಲೆಯಲ್ಲಿ ಬೇಯಿಸಿದ ಕಡಲೆ, ಹಳದಿ ಬಟಾಣಿಬೇಳೆಯನ್ನು ನುಣ್ಣಗೆ ಅರೆದ ಫಾವಾ ಇವೆಲ್ಲ ಅವರಿಗೆ ಹಿತವಾಗುತ್ತವೆ. ದಾಕೊಸ್ ಎಂಬುದು ಗಟ್ಟಿ ಬಾರ್ಲಿ ರಸ್ಕಿನ ಮೇಲೆ ತುರಿದ ಟೊಮೆಟೊ, ಎಣ್ಣೆ, ಮಿಜಿತ್ರಾ ಚೀಸ್ ಹಾಕಿದ್ದು. ಟೊಮೆಟೊದ ರಸ ಇಳಿದು ರಸ್ಕ್ ಮೆತ್ತಗಾಗುವವರೆಗೆ ಎರಡು ನಿಮಿಷ ಕಾಯಿರಿ. ಸ್ಫಾಕಿಯಾದಲ್ಲಿ ಒಳಗೆ ಚೀಸ್ ಇಟ್ಟು ತೆಳ್ಳಗೆ ತಟ್ಟಿ, ಕಾವಲಿಯ ಮೇಲೆ ಬೇಯಿಸಿ, ಜೇನು ಸುರಿದು ಕೊಡುವ ರೊಟ್ಟಿಯಿದೆ. ಮಗಳು ಅದನ್ನು ಮತ್ತೆ ಕೇಳುತ್ತಾಳೆ.

ಒಂದು ಮಾತು ಕಲಿತುಕೊಳ್ಳಿ: ನಿಸ್ತಿಸಿಮೊ, ಅಂದರೆ ಉಪವಾಸದ ಅಡುಗೆ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದ ಹೆಚ್ಚುಕಡಿಮೆ ಅರ್ಧದಷ್ಟು ದಿನಗಳನ್ನು ಉಪವಾಸದ ದಿನಗಳೆಂದು ಎಣಿಸುತ್ತಾರೆ. ಆಗ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಹಾಗಾಗಿ ಈ ಮಾತು ಹೇಳಿದರೆ ಅಡುಗೆಯವರಿಗೆ ತಕ್ಷಣ ಅರ್ಥವಾಗುತ್ತದೆ. ಆದರೆ ಚಿಪ್ಪುಜೀವಿಗಳೂ ಆಕ್ಟೊಪಸ್‌ನಂಥವೂ ಆ ಲೆಕ್ಕದಲ್ಲಿ ನಿಷಿದ್ಧವಲ್ಲ, ಆದ್ದರಿಂದ ಅವೂ ಬೇಡ ಎಂದು ಸೇರಿಸಿ ಹೇಳಬೇಕು. ತರಕಾರಿಯೊಳಗೆ ಅನ್ನ ತುಂಬಿದ ಗೆಮಿಸ್ತಾದಲ್ಲಿ ಮಾಂಸವಿಲ್ಲದ ಬಗೆ ಬೇರೆ ಇದೆ, ಕೇಳಿಯೇ ತೆಗೆದುಕೊಳ್ಳಿ. ಪೈಗಳಲ್ಲಿ, ಸಣ್ಣ ಕಡುಬಿನಂಥ ಕಲಿತ್ಸುನ್ಯಾದಲ್ಲಿ ಮೊಟ್ಟೆ ಬಹಳ ಸಲ ಇರುತ್ತದೆ. ಹಳೆಯ ಕ್ರಮದ ಗಟ್ಟಿ ಚೀಸ್‌ಗಳನ್ನು ರೆನೆಟ್ ಎಂಬ ಪ್ರಾಣಿಮೂಲದ ಹೆಪ್ಪಿನಿಂದ ಗಟ್ಟಿಯಾಗಿಸುತ್ತಾರೆ. ಅದು ಆಗದು ಎನ್ನುವವರಾದರೆ ಚೀಸನ್ನೇ ಬಿಡುವುದು ಒಳ್ಳೆಯದು. ಊಟ ಮುಗಿದ ಮೇಲೆ ಹಣ್ಣಿನ ಜೊತೆ ರಾಕಿ ಎಂಬ ಸಾರಾಯಿಯನ್ನು ಮನೆಯ ಲೆಕ್ಕದಲ್ಲಿ ತಂದಿಡುವುದು ವಾಡಿಕೆ. ಬೇಡವಾದರೆ ನಗುತ್ತ ಬೇಡ ಎನ್ನಿ, ಯಾರೂ ಬೇಸರಪಡುವುದಿಲ್ಲ.

ಹೀಗೆ ಹೋಗಿ: ಅಥೆನ್ಸ್‌ನಿಂದ ವಿಮಾನದಲ್ಲಿ ಹೆರಾಕ್ಲಿಯೊನ್, ಅಲ್ಲಿ ಎರಡು ರಾತ್ರಿ. ಮೂರನೆಯ ದಿನ ಕಾರು ಬಾಡಿಗೆಗೆ ಪಡೆದು ಗೊರ್ತಿನಾ, ಫೈಸ್ಟೋಸ್ ನೋಡಿ ಮೆಸಾರಾದ ಕರಾವಳಿಯಲ್ಲಿ ಎರಡು ರಾತ್ರಿ. ಆಮೇಲೆ ಸ್ಪಿಲಿ, ಅರ್ಕಾದಿ, ರೆಥಿಮ್ನೊ ಮೂಲಕ ಹನಿಯಾಕ್ಕೆ ಬಂದು ಉಳಿದ ನಾಲ್ಕೂ ರಾತ್ರಿ ಅಲ್ಲೇ. ಒಂದು ದಿನ ಫಲಸಾರ್ನಾ. ದಾರಿಯಲ್ಲಿ ಅನೊ ವುವೆಸ್ ಹಳ್ಳಿಯ ಆಲಿವ್ ಮರ, ಎರಡು ಸಾವಿರ ವರ್ಷಕ್ಕೂ ಹಳೆಯದು ಎಂದು ಅಂದಾಜು. ಕಾಂಡವೆಲ್ಲ ಗಂಟುಗಂಟಾಗಿ ಟೊಳ್ಳಾಗಿದ್ದರೂ ಇನ್ನೂ ಕಾಯಿ ಬಿಡುತ್ತದೆ. ಒಂದು ದಿನ ಇಂಬ್ರೊಸ್ ಮತ್ತು ಲುತ್ರೋ. ಒಂದು ದಿನ ನೀವೂ ಮಗಳೂ ಸಮಾರಿಯಾಕ್ಕೆ ಹೋಗಿ, ತಾಯಿ ಮತ್ತು ಹೆಂಡತಿ ಹನಿಯಾದ ಓಣಿಗಳಲ್ಲಿ ಇರಲಿ. ಹನಿಯಾದಿಂದಲೇ ವಿಮಾನ ಹತ್ತಿ. ಪೂರ್ವದ ಲಸಿತಿ, 1903ರಿಂದ 1957ರವರೆಗೆ ಕುಷ್ಠರೋಗಿಗಳನ್ನು ಇರಿಸಿದ್ದ ಸ್ಪಿನಲೊಂಗಾ ನಡುಗಡ್ಡೆ, ವಾಯಿಯ ಖರ್ಜೂರದ ಕಾಡು ಇವನ್ನು ಈ ಸಲ ಬಿಟ್ಟುಬಿಡಿ. ಎಲ್ಲವನ್ನೂ ಮುಟ್ಟಲು ಹೋದರೆ ದಿನವೆಲ್ಲ ಕಾರಿನಲ್ಲೇ ಕಳೆಯುತ್ತದೆ.

ಎಲಾಫೊನಿಸಿಯ ಗುಲಾಬಿ ಮರಳು, ಬಾಲೊಸ್‌ನ ಹಸಿರು ನೀರು ನೀವು ಚಿತ್ರದಲ್ಲಿ ನೋಡಿರುತ್ತೀರಿ. ಸುಂದರವೇ, ಅದರಲ್ಲಿ ಎರಡು ಮಾತಿಲ್ಲ. ಹೋಗುವುದಾದರೆ ಒಂಬತ್ತಕ್ಕೆ ಮೊದಲು ತಲುಪಿ, ಮರಳನ್ನು ಹಿಡಿಯಷ್ಟೂ ತರಬೇಡಿ, ಅದು ಸಂರಕ್ಷಿತ ನೆಲ.

ಸೆಪ್ಟೆಂಬರ್ ಕೊನೆ ಒಳ್ಳೆಯ ಆಯ್ಕೆ. ನೀರು ಬೆಚ್ಚಗಿರುತ್ತದೆ, ಜುಲೈ ಆಗಸ್ಟಿನ ಉರಿಬಿಸಿಲು ಮತ್ತು ಉತ್ತರದ ಬಿರುಗಾಳಿ ತಗ್ಗಿರುತ್ತವೆ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ತಲಾ 90 ಯೂರೊ ಶುಲ್ಕ, ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ. ಅಲ್ಲಿ ವಾಹನ ಓಡಿಸುವುದು ರಸ್ತೆಯ ಬಲಬದಿಯಲ್ಲಿ. ಉತ್ತರದ ಹೆದ್ದಾರಿಯಲ್ಲಿ ಹಿಂದಿನವರು ಅವಸರದಲ್ಲಿದ್ದರೆ ಅಂಚಿಗೆ ಸರಿದು ದಾರಿ ಬಿಡುವುದು ಅಲ್ಲಿನ ರೂಢಿ. ಸಮಾರಿಯಾಕ್ಕೆ ಮಾತ್ರ ಕಾರು ಬೇಡ. ನಡಿಗೆ ಶುರುವಾಗುವುದು ಒಂದು ಕಡೆ, ಮುಗಿಯುವುದು ಇನ್ನೊಂದು ಕಡೆ. ಹನಿಯಾದಿಂದ ಬೆಳಗಿನ ಬಸ್ಸಿನಲ್ಲಿ ಕ್ಸಿಲೊಸ್ಕಾಲೊ ಇರುವ ಓಮಲೊಸ್‌ಗೆ ಹೋಗಿ, ಸಂಜೆ ಅಯಿಯಾ ರುಮೆಲಿಯಿಂದ ದೋಣಿಯಲ್ಲಿ ಸೂಯಾ ಅಥವಾ ಹೋರಾ ಸ್ಫಾಕಿಯೋನ್ ಸೇರಿ, ಅಲ್ಲಿಂದ ಬಸ್ಸಿನಲ್ಲಿ ಹಿಂದಿರುಗಬೇಕು. ಮಳೆಯ ಮುನ್ಸೂಚನೆ ಇದ್ದರೆ ಕಮರಿಯನ್ನು ಮುಚ್ಚುತ್ತಾರೆ. ಹಾಗಾಗಿ ಅದನ್ನು ಹನಿಯಾದ ಮೊದಲ ದಿನಕ್ಕೇ ಇಟ್ಟುಕೊಳ್ಳಿ, ತಪ್ಪಿದರೆ ಇನ್ನೊಂದು ದಿನ ಕೈಯಲ್ಲಿರುತ್ತದೆ.